ಕೆಲಸದ ನಡುವೆ ಅಡ್ವೆಂಟ್

ಪ್ರಶ್ನೆ: ಅಕ್ಕಾವರೇ, ನಮ್ಮದು ಹುಮನಾಬಾದ್ ಹತ್ತಿರದ ಹಳ್ಳಿ. ಡಿಸೆಂಬರ್ ಬಂತೆಂದರೆ ಮನೆಗೆ ಸುಣ್ಣ, ಮಕ್ಕಳಿಗೆ ಬಟ್ಟೆ, ಕರ್ಚಿಕಾಯಿ, ರಾತ್ರಿ ಕ್ಯಾರಲ್ ತಂಡಕ್ಕೆ ಚಹಾ. ಹೊಲದಲ್ಲಿ ತೊಗರಿ ಬೇರೆ. ಅಡ್ವೆಂಟ್ ಅಂದರೆ ಕ್ರಿಸ್ಮಸ್‌ಗೆ ಮನಸ್ಸು ಸಿದ್ಧಮಾಡಿಕೊಳ್ಳುವ ಕಾಲ; ಅದರ ನಾಲ್ಕು ಭಾನುವಾರ ಹೇಗೆ ಹೋದವೋ ಗೊತ್ತೇ ಆಗುವುದಿಲ್ಲ. ದೇವರಿಗೆ ಹತ್ತಿರವಾಗಬೇಕು ಅಂತ ಆಸೆ. ಉಪವಾಸ ಹಿಡಿಯಲೇ?
— ಒಬ್ಬ ಓದುಗಳು, ಬೀದರ್ ಜಿಲ್ಲೆ

ಉತ್ತರ: ತಂಗಿ, ತೊಗರಿ ಕೊಯ್ಯುವ ದಿನಗಳಲ್ಲಿ ಉಪವಾಸ ಬೇಡ. ಕುಡುಗೋಲು ಹಿಡಿದವಳಿಗೆ ರೊಟ್ಟಿ ಬೇಕು. ಸುಣ್ಣ ಈ ವರ್ಷ ಮುಂದಿನ ಗೋಡೆಗಷ್ಟೇ ಸಾಕು. ಆ ಹೊತ್ತನ್ನು ಬೈಬಲಿನ ಲೂಕನ ಸುವಾರ್ತೆಗೆ ಕೊಡು.

ಅದರಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ ಕ್ರಿಸ್ಮಸ್ ಹಿಂದಿನ ದಿನಕ್ಕೆ ಮುಗಿಯುತ್ತದೆ. ಮೊದಲನೆಯದು ಉದ್ದ, 80 ವಚನ. ಎರಡು ದಿನ ಹಿಡಿದರೂ ಪರವಾಗಿಲ್ಲ, ಅವಸರ ಮಾಡಬೇಡ.

ಅಲ್ಲಿ ಜಕರೀಯ ಇದ್ದಾನೆ. ಮುಪ್ಪಿನಲ್ಲಿ ಮಗ ಹುಟ್ಟುತ್ತಾನೆಂದು ದೂತ ಹೇಳಿದರೆ ನಂಬಲಿಲ್ಲ. ಮಾತು ನಿಂತುಹೋಯಿತು. ಹೆಂಡತಿ ಎಲಿಸಬೇತಳ ಬಸುರಿನ ತಿಂಗಳುಗಳೆಲ್ಲ ಮೌನದಲ್ಲೇ ಕಳೆದವು. ಮಗುವಿಗೆ ಹೆಸರಿಡುವ ದಿನ ಹಲಗೆ ಕೇಳಿ ಇಸಿದುಕೊಂಡು, ಇವನ ಹೆಸರು ಯೋಹಾನ ಎಂದು ಬರೆದ. ಆಗ ಬಾಯಿ ತೆರೆಯಿತು. ಮೊದಲು ಬಂದದ್ದು ದೇವರ ಸ್ತುತಿ. ನನಗಂತೂ ಆ ಮೌನ ಬರೀ ಶಿಕ್ಷೆಯಾಗಿ ಕಾಣುವುದಿಲ್ಲ. ಅಷ್ಟು ದಿನ ಕೇಳಿಸಿಕೊಂಡದ್ದಕ್ಕೇ ಅಂಥ ಹಾಡು ಬಂತು.

ನಮ್ಮ ಪ್ರಾರ್ಥನೆಯಲ್ಲಿ ನಾವೇ ಜಾಸ್ತಿ ಮಾತಾಡುತ್ತೇವೆ, ಅಲ್ವಾ? ನಸುಕಿನಲ್ಲಿ ರೊಟ್ಟಿಗೆ ಎಸರಿಟ್ಟ ಮೇಲೆ, ನೀರು ಕುದಿಯುವವರೆಗೆ ಸುಮ್ನೆ ಕೂತುಬಿಡು. ಏನೂ ಬೇಡಿಕೊಳ್ಳಬೇಡ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ನಾನೂ ಹೀಗೇ ಕೂರುತ್ತೇನೆ. ಮನಸ್ಸು ಸಾಲ, ಮಗಳ ಮದುವೆ ಅಂತ ಓಡುತ್ತದೆ. ಬೈಯಬೇಡ, ಮತ್ತೆ ಕರೆತಂದು ಕೂರಿಸು. ಚರ್ಚಿನಲ್ಲಿ ವಾರಕ್ಕೊಂದು ಮೇಣದಬತ್ತಿ ಹಚ್ಚುವಾಗಲೂ ಫೋಟೋ ತೆಗೆಯುವುದು ಬಿಟ್ಟು ಸುಮ್ಮನೆ ನೋಡು.

ಮೂರನೆಯ ಅಧ್ಯಾಯಕ್ಕೆ ಬಂದಾಗ ಯೋಹಾನ ದೊಡ್ಡವನಾಗಿರುತ್ತಾನೆ. ನಾವೇನು ಮಾಡಬೇಕು ಎಂದು ಜನ ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೇ ಮಾಡಲಿ ಅನ್ನುತ್ತಾನೆ. ನಿಮ್ಮ ಕಡೆ ಕಬ್ಬು ಕಡಿಯಲು ಬಂದು ಹೊಲದಲ್ಲೇ ಗುಡಿಸಲು ಹಾಕಿಕೊಂಡವರು ಇರುತ್ತಾರೆ. ಕೂಸುಗಳನ್ನು ಚೀಲದ ಮೇಲೆ ಮಲಗಿಸಿರುತ್ತಾರೆ. ಮಕ್ಕಳಿಗೆ ಬಟ್ಟೆ ತರುವ ದಿನವೇ ಒಂದು ರಗ್ಗೂ ತಾ. ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಕೈಯಿಂದಲೇ ಕೊಡಿಸು. ಹಬ್ಬದವರೆಗೆ ಕಾಯಬೇಡ, ಚಳಿ ಈಗಲೇ ಇದೆ.