ಟಾವಿ ಚಿಕಿತ್ಸೆಯ ನಂತರ ತೊಡೆಸಂದಿನ ರಕ್ತನಾಳಕ್ಕೆ ತೊಂದರೆಯಾಗುವುದೇಕೆ?

ಎದೆ ತೆರೆಯದೆ ತೊಡೆಯ ಅಪಧಮನಿಯ ಮೂಲಕ ಹೃದಯದ ಮಹಾಪಧಮನಿ ಕವಾಟವನ್ನು ಬದಲಿಸುವ ಟಾವಿ ಚಿಕಿತ್ಸೆಯಲ್ಲಿ, ಕಾಲಿನ ರಕ್ತನಾಳಕ್ಕೆ ಏಕೆ ಪೆಟ್ಟಾಗುತ್ತದೆ ಎಂದು ಕೇಳಿದ್ದೀರಿ.

ಮುಖ್ಯ ಕಾರಣ ಅಳತೆಯದು. ಮಡಚಿದ ಕವಾಟವನ್ನು ಒಯ್ಯುವ ಕೊಳವೆ ದಪ್ಪವಾಗಿರುವುದರಿಂದ, ಅಪಧಮನಿಯು ಕಿರಿದಾಗಿ, ಸುಣ್ಣಗಟ್ಟಿ, ಅಂಕುಡೊಂಕಾಗಿದ್ದರೆ ಅದರ ಒಳಪದರ ಸೀಳಬಹುದು, ಅಪರೂಪಕ್ಕೆ ನಾಳವೇ ಒಡೆಯಬಹುದು. ಮಹಿಳೆಯರ ನಾಳಗಳು ಸಾಮಾನ್ಯವಾಗಿ ಸಣ್ಣವಾದ್ದರಿಂದ ಅವರಲ್ಲಿ ಅಪಾಯ ಹೆಚ್ಚು. ಕೊನೆಯಲ್ಲಿ ರಂಧ್ರವನ್ನು ಮುಚ್ಚುವ ಹೊಲಿಗೆ ಸಾಧನ ಸರಿಯಾಗಿ ಹಿಡಿಯದಿದ್ದರೂ ರಕ್ತಸ್ರಾವವಾಗುತ್ತದೆ. ನನ್ನ ದೃಷ್ಟಿಯಲ್ಲಿ ರೋಗಿಯ ಮನೆಯವರಿಗೆ ಈ ಹಂತವನ್ನು ಸಾಕಷ್ಟು ವಿವರಿಸುವುದಿಲ್ಲ.

ಆರಂಭದ ಕೊಳವೆಗಳು 22ರಿಂದ 24 ಫ್ರೆಂಚ್ (ವೈದ್ಯಕೀಯ ಕೊಳವೆಗಳ ವ್ಯಾಸ ಹೇಳುವ ಮಾನ) ಅಳತೆಯವಾಗಿದ್ದವು. ಈಗ ಹಲವು 14 ಫ್ರೆಂಚ್, ಅಂದರೆ ಸುಮಾರು 4.7 ಮಿ.ಮೀ. ಒಳವ್ಯಾಸದವು. 2010ರಲ್ಲಿ ಪ್ರಕಟವಾದ, ಟಾವಿ ಕುರಿತ ಪಾರ್ಟ್ನರ್ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಿದ್ದ ರೋಗಿಗಳಲ್ಲಿ 30 ದಿನಗಳೊಳಗೆ ಗಂಭೀರ ರಕ್ತನಾಳ ತೊಂದರೆ ಶೇ. 16ರಷ್ಟಿತ್ತು, 2019ರ ಪಾರ್ಟ್ನರ್ 3 ಅಧ್ಯಯನದಲ್ಲಿ ಶೇ. 2ರ ಆಸುಪಾಸು. ಎರಡನೆಯದರ ರೋಗಿಗಳು ಹೆಚ್ಚು ಆರೋಗ್ಯವಂತರಾಗಿದ್ದರೆಂಬುದನ್ನೂ ಇಲ್ಲಿ ಗಮನಿಸಬೇಕು.

ಚಿಕಿತ್ಸೆಗೆ ಮುನ್ನ ಸಿ.ಟಿ. ಸ್ಕ್ಯಾನ್‌ನಲ್ಲಿ ನಾಳದ ಅಗಲ, ಸುಣ್ಣದ ಪ್ರಮಾಣ ಮತ್ತು ತಿರುವುಗಳನ್ನು ಅಳೆಯುವುದೂ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಚುಚ್ಚುವುದೂ ಅಪಾಯವನ್ನು ತಗ್ಗಿಸುತ್ತವೆ. ತೊಂದರೆಯಾದರೆ ಒತ್ತಡ ಹಾಕುವುದು, ಬಲೂನ್, ಹೊದಿಕೆಯಿರುವ ಸ್ಟೆಂಟ್ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ.

ತೊಡೆಸಂದಿನಲ್ಲಿ ಊತ ಹೆಚ್ಚುತ್ತಿದ್ದರೆ, ಕಾಲು ತಣ್ಣಗಾಗಿ ಬಿಳಿಚಿಕೊಂಡರೆ, ಅಥವಾ ಬೆನ್ನು ಇಲ್ಲವೇ ಕೆಳಹೊಟ್ಟೆಯ ನೋವಿನೊಂದಿಗೆ ತಲೆಸುತ್ತು ಬಂದರೆ ದಯವಿಟ್ಟು ಬೆಳಗಾಗಲೆಂದು ಕಾಯಬೇಡಿ. ಹೊರಗೆ ಕಾಣದ ರಕ್ತಸ್ರಾವ ಒಳಗೇ ನಡೆಯುತ್ತಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.