ಕೌನ್ಸೆಲಿಂಗ್‌ಗೆ ಮಡಿಕೇರಿಯೋ, ಮೈಸೂರೋ?

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಬಸ್ ಹತ್ತಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತೇನೆ. ಹೃದಯ ಸರಿಯಿದೆ, ಇದು ಆತಂಕ, ಕೌನ್ಸೆಲಿಂಗ್ ಮಾಡಿಸಿ ಎಂದಿದ್ದಾರೆ ಡಾಕ್ಟರು. ಮಡಿಕೇರಿಯ ಸರ್ಕಾರಿ ಆಸ್ಪತ್ರೆ ಸಾಕೇ, ಮೈಸೂರಿನಲ್ಲಿ ಖಾಸಗಿಯವರ ಬಳಿ ಹೋಗಲೇ?
– ವಿರಾಜಪೇಟೆಯ ಓದುಗರು

ಉತ್ತರ: ಬಸ್ಸೇ ನಿಮಗೆ ಕಷ್ಟ. ವಾರವಾರ ಮೈಸೂರಿಗೆ ಹೇಗೆ ಹೋಗುತ್ತೀರಿ? ಇದನ್ನು ಯಾರೂ ಯೋಚಿಸುವುದೇ ಇಲ್ಲ. ಫೀಸು ಜಾಸ್ತಿಯಾದರೆ ಚಿಕಿತ್ಸೆಯೂ ಜಾಸ್ತಿ ಎಂಬ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. ಇಂಥ ಆತಂಕಕ್ಕೆ ಮಾಡುವ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು ಹನ್ನೆರಡು ಸಿಟ್ಟಿಂಗ್. ನಡುವೆ ನೀವೇ ಮಾಡಬೇಕಾದ ಹೋಂವರ್ಕೂ ಇರುತ್ತದೆ: ಈ ವಾರ ಒಂದು ಸ್ಟಾಪಿನವರೆಗೆ ಬಸ್ಸು, ಮುಂದಿನ ವಾರ ಗೋಣಿಕೊಪ್ಪದವರೆಗೆ. ಮೂರು ಸಲ ಹೋಗಿ, ಕಾಫಿ ಕೊಯ್ಲು ಬಂತೆಂದು ಬಿಟ್ಟರೆ ಫೀಸು ದಂಡ.

ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿನ ಬೋಧಕ ಆಸ್ಪತ್ರೆಯೇ ಇದೆ. ಮೊದಲು ಅಲ್ಲಿಯ ಮನೋವೈದ್ಯರಿಗೆ ತೋರಿಸಿ. ಸಾಲು ಉದ್ದವಿದ್ದ ದಿನ ಹತ್ತು ನಿಮಿಷದಲ್ಲಿ ಮಾತ್ರೆ ಬರೆದು ಕಳಿಸಿಬಿಡಬಹುದು, ಅದನ್ನೇನೂ ಮುಚ್ಚಿಡುವುದಿಲ್ಲ. ಎದ್ದು ಬರಬೇಡಿ. ಮಾತಿನ ಚಿಕಿತ್ಸೆ ಯಾರು ಕೊಡುತ್ತಾರೆ, ಪ್ರತಿ ಸಲ ಅವರೇ ಸಿಗುತ್ತಾರಾ, ಮುಕ್ಕಾಲು ಗಂಟೆ ಕೊಡುತ್ತಾರಾ ಎಂದು ಕೇಳಿ. ಇಲ್ಲವೆಂದರೆ ಮಾತ್ರೆ ಅಲ್ಲೇ ಇರಲಿ, ಮಾತಿಗೆ ಮಾತ್ರ ಖಾಸಗಿ. ಎರಡನ್ನೂ ಸೇರಿಸಬಾರದೆಂದು ಯಾರು ಹೇಳಿದರು?

ಖಾಸಗಿಗೆ ಹೋದರೆ ಬೋರ್ಡು ನೋಡಿ ಮರುಳಾಗಬೇಡಿ. ಆರು ವಾರದ ಆನ್‌ಲೈನ್ ಕೋರ್ಸು ಮಾಡಿದವರೂ 'ಕೌನ್ಸೆಲರ್' ಎಂದು ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಚಪ್ಪಲಿ ಮೆಟ್ಟಿಕೊಂಡು ಬನ್ನಿ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನೆಂಟರು ನೋಡಿಬಿಟ್ಟರೆ?
ಉತ್ತರ: ಅವರೂ ಸಾಲಿನಲ್ಲೇ ಇದ್ದಾರಲ್ಲ! ಒಳಗೆ ಆಡಿದ ಮಾತಿನ ಗುಟ್ಟಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ರಕ್ಷಣೆ ಇದೆ, ಸರ್ಕಾರಿಯಾದರೂ ಖಾಸಗಿಯಾದರೂ.

ಪ್ರಶ್ನೆ: ಒಂದೇ ಸಿಟ್ಟಿಂಗ್‌ನಲ್ಲಿ ಹಿಪ್ನಾಟಿಸಂ, ಗ್ಯಾರಂಟಿ ಅಂತೆ?
ಉತ್ತರ: ಗ್ಯಾರಂಟಿ ಮಿಕ್ಸಿಗೆ ಕೊಡುತ್ತಾರೆ.

ಪ್ರಶ್ನೆ: ರಾತ್ರಿ ಎರಡು ಪೆಗ್ ಹಾಕಿದರೆ ಆತಂಕ ಇಳಿಯುತ್ತದೆ, ತಪ್ಪೇ?
ಉತ್ತರ: ಬೆಳಿಗ್ಗೆ ದುಪ್ಪಟ್ಟಾಗಿ ಏರುತ್ತದೆ. ಡಾಕ್ಟರಿಗೂ ಇದನ್ನು ಹೇಳಿ, ಮಾತ್ರೆ ಬರೆಯುವ ಮೊದಲೇ.

ಪ್ರಶ್ನೆ: ಸಾಯುವ ಯೋಚನೆ ಬರುತ್ತಿದೆ, ಸರ್ಕಾರಿಯೋ ಖಾಸಗಿಯೋ?
ಉತ್ತರ: ಈ ಪತ್ರ ಬರೆದವರೇ, ಆಯ್ಕೆ ಮಾಡುತ್ತ ಕೂರಬೇಡಿ. ಈಗಲೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಹತ್ತಿರದ ಆಸ್ಪತ್ರೆಗೆ ಅವರ ಜೊತೆಯಲ್ಲೇ ಹೋಗಿ. ತೋಟದ ಔಷಧಿ ಡಬ್ಬಗಳ ಬೀಗದ ಕೈ ಇವತ್ತೇ ಅವರ ಕೈಗೆ ಕೊಡಿ.