ಮೂರನೇ ಸಾಲಿನಲ್ಲಿ ಕೂರುವವರು ಯಾರು, ಅದನ್ನು ಮೊದಲು ಹೇಳಿ

ಪ್ರಶ್ನೆ: ನಾವು ಬೆಂಗಳೂರಿನವರು. ಮನೆಯಲ್ಲಿ ಅಪ್ಪ, ಅಮ್ಮ, ಅತ್ತೆ, ನಾವಿಬ್ಬರು, ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ಒಟ್ಟು ಏಳು ಜನ. ವರ್ಷಕ್ಕೆ ಒಂದೆರಡು ಸಲ ಎಲ್ಲರೂ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುತ್ತೇವೆ. ಏಳು ಸೀಟಿನ ಎಸ್‌ಯುವಿಗಳಲ್ಲಿ ಯಾವುದು ಒಳ್ಳೆಯದು? ಮಕ್ಕಳಿಗೆ ಸನ್‌ರೂಫ್ ಬೇಕೇ ಬೇಕಂತೆ.

ಉತ್ತರ: ಊರು, ಮಕ್ಕಳ ವಯಸ್ಸು ಬದಲಾಗುತ್ತವೆಯೇ ಹೊರತು ಈ ಪ್ರಶ್ನೆ ಮಾತ್ರ ಬದಲಾಗದೆ ಬರುತ್ತಲೇ ಇರುತ್ತದೆ. ಎಲ್ಲರೂ ಗಾಡಿಯ ಹೆಸರು ಕೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕೂರುವವರು ಯಾರು ಎಂದು ಒಬ್ಬರೂ ಬರೆಯುವುದಿಲ್ಲ.

ನಾನೇ ಲೆಕ್ಕ ಹಾಕುತ್ತೇನೆ. ನೀವು ಸ್ಟಿಯರಿಂಗ್ ಮುಂದೆ, ಪಕ್ಕದಲ್ಲಿ ಅಪ್ಪ. ಅಮ್ಮ ಮತ್ತು ಅತ್ತೆಗೆ ಮೂರನೇ ಸಾಲಿಗೆ ಹತ್ತಲು ಮಂಡಿ ಬಿಡುವುದಿಲ್ಲ, ಆದ್ದರಿಂದ ಅವರು ನಡುವಿನ ಸಾಲಿನಲ್ಲಿ. ಆರು ವರ್ಷದ ಮಗುವಿಗೆ ಬೂಸ್ಟರ್ ಸೀಟ್ ಬೇಕು. ಅದನ್ನು ಕಚ್ಚಿಸುವ ಐಸೊಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ನಡುವಿನ ಸಾಲಿನಲ್ಲೇ ಇರುತ್ತವೆ. ಅಲ್ಲಿಗೆ ಆ ಸಾಲು ತುಂಬಿತು. ಹಿಂದೆ ಉಳಿದವರು ಒಂಬತ್ತು ವರ್ಷದ ಮಗು ಮತ್ತು ನಿಮ್ಮ ಹೆಂಡತಿ. ನೀವು ಸನ್‌ರೂಫ್ ನೋಡಿ ಇಪ್ಪತ್ತು ಲಕ್ಷ ಸುರಿಯಲು ಹೊರಟಿರುವ ಗಾಡಿಯಲ್ಲಿ ಅವರ ಪಾಲಿಗೆ ಬರುವುದು ಮೊಣಕಾಲು ಎದೆಗೆ ತಾಗುವ, ತಲೆಯ ಹಿಂದೆ ಡಿಕ್ಕಿಯ ಗಾಜು ಇರುವ ಜಾಗ. ಅವರನ್ನು ಕೇಳಿದ್ದೀರಾ?

ನನ್ನ ವರ್ಕ್‌ಶಾಪ್ ಇರುವುದು ಶಿರಾಡಿ ಘಾಟಿಯ ಬುಡದಲ್ಲಿ, ನೆಲ್ಯಾಡಿಯ ಆಸುಪಾಸಿನಲ್ಲಿ. ಕಾರ್ತಿಕದಲ್ಲಿ ಲಕ್ಷದೀಪೋತ್ಸವಕ್ಕೆ ಹೋಗುವ ಗಾಡಿಗಳು ಸಾಲುಗಟ್ಟಿದಾಗ ನನ್ನ ಅಂಗಳಕ್ಕೆ ಎರಡು ವಾಸನೆಗಳು ಬರುತ್ತವೆ, ಸುಟ್ಟ ಬ್ರೇಕ್ ಪ್ಯಾಡಿನದು ಮತ್ತು ವಾಂತಿಯದು. ಹಿಂದಿನ ವರ್ಷ ಒಂದೇ ಗಾಡಿಯಲ್ಲಿ ಎರಡೂ ಬಂದವು. ಗಾಡಿ ಕೊಂಡು ಮೂರು ವಾರವೂ ಆಗಿರಲಿಲ್ಲ. ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಯಜಮಾನರು ಬಾಟಲಿ ನೀರನ್ನು ಡಿಸ್ಕಿನ ಮೇಲೆ ಸುರಿಯುವುದರಲ್ಲಿದ್ದರು, ನಾನು ಓಡಿ ಹೋಗಿ ಕೈ ಹಿಡಿದೆ. ಕೆಂಡದಂಥ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಗಾಜು ಬಡಿಯುತ್ತಿದ್ದರು. ಆ ಸಾಲಿಗೆ ಬೇರೆ ಬಾಗಿಲಿಲ್ಲ. ನಡುವಿನ ಸೀಟಿನಲ್ಲಿ ನಿದ್ದೆಹೋದ ಅಜ್ಜಿ ಎದ್ದು, ಚಪ್ಪಲಿ ಹುಡುಕಿ, ಇಳಿದು, ಆಮೇಲೆ ಆ ಸೀಟನ್ನು ಮಡಚಿದರೆ ಮಾತ್ರ ಇವರು ಹೊರಗೆ. ಅಜ್ಜಿ ಚಪ್ಪಲಿ ಹುಡುಕುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತು.

ಇದು ಆ ಗಾಡಿಯೊಂದರ ದೋಷವಲ್ಲ. ಮೂರನೇ ಸಾಲು ಇರುವುದು ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಅದರಿಂದಾಚೆ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಘಾಟಿ ಇಳಿದವರಿಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿಂದ ಮುಂದಿನ ರಸ್ತೆ ಕಾಣುವುದಿಲ್ಲ, ಮೈಗೆ ಮಾತ್ರ ಪ್ರತಿ ತಿರುವೂ ತಿಳಿಯುತ್ತದೆ.

ಇನ್ನು ನಕ್ಷತ್ರಗಳ ವಿಷಯ. ಮಹೀಂದ್ರಾ ಎಕ್ಸ್‌ಯುವಿ 700 ಮತ್ತು ಟಾಟಾ ಸಫಾರಿ, ಗಾಡಿಯನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ ಐದು ನಕ್ಷತ್ರ ಪಡೆದಿವೆ. 2022ರಲ್ಲಿ ಕಿಯಾ ಕ್ಯಾರೆನ್ಸ್‌ಗೆ ಸಿಕ್ಕಿದ್ದು ಮೂರು. ನಾನು ಈ ಅಂಕಗಳನ್ನು ನೋಡದೆ ಗಾಡಿ ಕೊಳ್ಳುವವನಲ್ಲ. ಆದರೆ ಆ ಪರೀಕ್ಷೆಯಲ್ಲಿ ಬೊಂಬೆಗಳು ಕೂರುವುದು ಮೊದಲ ಎರಡು ಸಾಲುಗಳಲ್ಲಿ. ಹಿಂದಿನಿಂದ ಲಾರಿ ಗುದ್ದಿದರೆ ಮೂರನೇ ಸಾಲಿನವರ ಗತಿ ಏನು ಎಂಬುದಕ್ಕೆ ಆ ನಕ್ಷತ್ರಗಳಲ್ಲಿ ಉತ್ತರವಿಲ್ಲ. ಪಕ್ಕದ ಕಿಟಕಿಗಳ ಮೇಲಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಚಾಚುತ್ತದೆಯೇ, ಅಲ್ಲಿ ತಲೆಗೆ ಆನಿಕೆ ಇದೆಯೇ ಎಂದು ಕೇಳಿ. ಸೇಲ್ಸ್‌ನವರು ತಡವರಿಸಿದರೆ ಬರಹದಲ್ಲಿ ಕೊಡಲು ಹೇಳಿ.

ಹೊರಗಿನ ಗಾತ್ರಕ್ಕೂ ಮರುಳಾಗಬೇಡಿ. ಎಕ್ಸ್‌ಯುವಿ 700ರ ಉದ್ದ 4,695 ಮಿಲಿಮೀಟರ್, ಕ್ಯಾರೆನ್ಸ್‌ನದು 4,540. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವಾದರೋ ಕ್ಯಾರೆನ್ಸ್‌ನಲ್ಲೇ ಹೆಚ್ಚು, 2,780ಕ್ಕೆ 2,750. ರಸ್ತೆಯಲ್ಲಿ ದರ್ಪದಿಂದ ಕಾಣುವ ಉದ್ದನೆಯ ಬಾನೆಟ್ಟಿನಲ್ಲಿ ಯಾರೂ ಕೂರುವುದಿಲ್ಲವಲ್ಲ.

ಭಾರದ ಲೆಕ್ಕವನ್ನಂತೂ ಯಾರೂ ಮಾಡುವುದಿಲ್ಲ. ತಲೆಗೆ 65 ಕಿಲೋ ಹಿಡಿದರೂ ಏಳು ಜನಕ್ಕೆ 455. ಬ್ಯಾಗು, ನೀರು, ಬುತ್ತಿ ಸೇರಿದರೆ ಐನೂರು ದಾಟಿತು. ಖಾಲಿ ಗಾಡಿಯೇ ಒಂದೂಮುಕ್ಕಾಲು ಟನ್ನಿನ ಹತ್ತಿರ. ಘಾಟಿಯ ಮೇಲಿನ ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಅಷ್ಟು ಭಾರ ಅಷ್ಟು ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿದರೆ ಹುಟ್ಟುವ ಶಾಖಕ್ಕೆ ಬಚ್ಚಲ ಹಂಡೆಯ ನೀರು ಕುದಿಯುತ್ತದೆ. ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ, ಅದೂ ಕುದಿಯುತ್ತದೆ. ಆಗ ಪೆಡಲ್ ತುಳಿದರೆ ನೇರ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ. ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್, ಆಟೋಮ್ಯಾಟಿಕ್ ಆದರೆ ಮ್ಯಾನ್ಯುಯಲ್ ಮೋಡ್. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂದು ಬೋಧಿಸುವ ಮಾವಂದಿರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಕಾಲು ತೆಗೆದರೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಇಂಧನ ಬೇಕು. ಅಂದರೆ ಮಾವನವರ ಉಪಾಯದಿಂದ ಡೀಸೆಲ್ಲೂ ಹೋಯಿತು, ಬ್ರೇಕೂ ಹೋಯಿತು.

ಆದ್ದರಿಂದ ಶೋರೂಮಿಗೆ ಒಬ್ಬರೇ ಹೋಗಬೇಡಿ. ಏಳೂ ಜನ ಹೋಗಿ, ನಿಮ್ಮ ಸೂಟ್‌ಕೇಸುಗಳನ್ನೂ ಹೊತ್ತುಕೊಂಡು ಹೋಗಿ. ಮೂರನೇ ಸಾಲು ಎತ್ತಿದ ಮೇಲೆ ಡಿಕ್ಕಿಯಲ್ಲಿ ಎಷ್ಟು ಹಿಡಿಯುತ್ತದೆ ನೋಡಿ, ಆಮೇಲೆ ಮಾತಾಡೋಣ. ಟೆಸ್ಟ್ ಡ್ರೈವ್‌ನಲ್ಲಿ ನೀವು ಓಡಿಸಬೇಡಿ, ಹೆಂಡತಿ ಓಡಿಸಲಿ. ನೀವು ಹಿಂದೆ ಅರ್ಧ ಗಂಟೆ ಕೂತು ಬನ್ನಿ.

ನನ್ನ ಸಲಹೆ ನಿಮಗೆ ಹಿಡಿಸಲಿಕ್ಕಿಲ್ಲ. ಏಳು ಜನ ಒಟ್ಟಿಗೆ ಹೋಗುವುದು ವರ್ಷಕ್ಕೆ ಎರಡೇ ಸಲ ಎಂದಾದರೆ ಒಳ್ಳೆಯ ಐದು ಸೀಟಿನ ಗಾಡಿ ಕೊಳ್ಳಿ, ಆ ಎರಡು ಸಲ ಘಾಟಿ ಬಲ್ಲ ಡ್ರೈವರ್ ಸಮೇತ ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆಗೆ ಹಿಡಿಯಿರಿ. ಉಳಿದ ಹಣ ಹಲವು ವರ್ಷದ ಬಾಡಿಗೆಗೆ ಸಾಕು. ಪ್ರತಿ ವಾರ ಏಳು ಜನ ಓಡಾಡುವ ಮನೆಯಾದರೆ ಎಸ್‌ಯುವಿ ಎಂಬ ಹೆಸರಿನ ಮೋಹ ಬಿಟ್ಟು ಇನ್ನೋವಾ ಹೈಕ್ರಾಸ್ ನೋಡಿ. ಹತ್ತಲು ಇಳಿಯಲು ಸಲೀಸು, ಹಿಂದೆ ಕೂತವರೂ ಮನುಷ್ಯರೆಂದು ನೆನಪಿಟ್ಟು ಮಾಡಿದ ಗಾಡಿ. ಬೆಲೆಯಲ್ಲಿ ಎಚ್ಚರ. 20 ಲಕ್ಷ ದಾಟಿದರೆ ಕರ್ನಾಟಕದಲ್ಲಿ ಶೇ 18ರಷ್ಟು ಆಜೀವ ತೆರಿಗೆ, ಅದರ ಮೇಲೆ ಸೆಸ್.

ಸನ್‌ರೂಫ್? ಓಡುವ ಗಾಡಿಯಿಂದ ಮಕ್ಕಳ ತಲೆ ಹೊರಗಿಡಿಸುವ ತಂದೆತಾಯಂದಿರ ಜೊತೆ ನಾನು ವಾದಿಸುವುದನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಟೈರಿಗೆ ನೈಟ್ರೋಜನ್ ತುಂಬಿಸಿದರೆ ಒಳ್ಳೆಯದೇ?

ಉತ್ತರ: ಪುಕ್ಕಟೆ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಅದನ್ನು ಬಿಟ್ಟು ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿ ಓದಿ, ಪೂರ್ತಿ ಜನ ಕೂತಾಗ ಎಷ್ಟು ಗಾಳಿ ಬೇಕೆಂದು ಅಲ್ಲಿ ಬೇರೆಯೇ ಬರೆದಿರುತ್ತದೆ.

ಪ್ರಶ್ನೆ: ಮುಂದೆ ಸ್ಟೀಲ್ ಗಾರ್ಡ್ ಹಾಕಿಸಲೇ?

ಉತ್ತರ: ಬೇಡ. 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಕಾನೂನುಬಾಹಿರ ಎಂದು ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ತೆರೆಯುವ ಹೊತ್ತನ್ನೂ ಅದು ಕೆಡಿಸಬಲ್ಲದು.

ಪ್ರಶ್ನೆ: ಡೀಸೆಲ್ ಗಾಡಿ ಹತ್ತು ವರ್ಷಕ್ಕೇ ಗುಜರಿಗೆ ಹಾಕಬೇಕಂತೆ, ನಿಜವೇ?

ಉತ್ತರ: ಆ ಹತ್ತು ವರ್ಷದ ಗಲಾಟೆ ದೆಹಲಿ ಸುತ್ತಮುತ್ತಲಿನದು. ಇಲ್ಲಿ 15 ವರ್ಷವಾದ ಮೇಲೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬಹುದು.

ಪ್ರಶ್ನೆ: ದಿನಕ್ಕೆ ಐದು ಕಿಲೋಮೀಟರ್ ಮಾತ್ರ ಓಡಿಸುತ್ತೇನೆ. ಡೀಸೆಲ್ ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಹತ್ತುತ್ತದೆ. ಪರಿಚಯದ ಮೆಕ್ಯಾನಿಕ್ ಅದನ್ನೇ ಕಿತ್ತು ಹಾಕೋಣ ಎನ್ನುತ್ತಾರೆ.

ಉತ್ತರ: ಮೊದಲು ಮೆಕ್ಯಾನಿಕ್ ಬದಲಿಸಿ. ದೀಪ ಹತ್ತಿದಾಗ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಸಾಮಾನ್ಯವಾಗಿ ಸುಟ್ಟುಹೋಗುತ್ತದೆ. ಹಾಗೆ ಓಡಿಸಲು ಪುರುಸೊತ್ತಿಲ್ಲದವರು ಪೆಟ್ರೋಲ್ ಗಾಡಿ ಕೊಳ್ಳಬೇಕಿತ್ತು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಗಾಡಿ ಸಿಕ್ಕಿದೆ, ಮೀಟರ್ 60 ಸಾವಿರ ತೋರಿಸುತ್ತಿದೆ. ಕೊಳ್ಳಬಹುದೇ?

ಉತ್ತರ: ಬ್ರೇಕ್ ಪೆಡಲಿನ ರಬ್ಬರ್ ತೀರಾ ಸವೆದಿದೆಯೇ ನೋಡಿ, ಡ್ರೈವರ್ ಸೀಟಿನ ಬಲಅಂಚು ಕುಸಿದಿದೆಯೇ ನೋಡಿ, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ತೆಗೆಸಿ. ಮೀಟರ್ ತಿರುಗಿಸುವವರು ರಬ್ಬರ್ ಬದಲಿಸಲು ಮರೆಯುತ್ತಾರೆ. ರಬ್ಬರ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿಂದ ಇನ್ನೂ ಬೇಗ ಹೊರಡಿ.